ಕದಿಯಬೇಡ ಎಂಬ ಆಜ್ಞೆ ಮತ್ತು ಕಲ್ಲಿದ್ದಲಿನ ರೈಲು: ಕಲೋನ್, 1946ರ ಚಳಿಗಾಲ

1946ರ ಡಿಸೆಂಬರ್ 31ರ ಸಂಜೆ. ಜರ್ಮನಿಯ ಕಲೋನ್ ನಗರ. ಊರಿನ ಹೆಸರಾಂತ ಕ್ಯಾಥೆಡ್ರಲ್ ಬಾಂಬಿನ ಏಟು ತಿಂದು ಇನ್ನೂ ದುರಸ್ತಿಯಲ್ಲಿತ್ತು. ಆರ್ಚ್‌ಬಿಷಪ್ ಯೋಸೆಫ್ ಫ್ರಿಂಗ್ಸ್ ವರ್ಷದ ಕೊನೆಯ ಪ್ರವಚನ ಕೊಟ್ಟಿದ್ದು ರೀಲ್ ಬಡಾವಣೆಯ ಸೇಂಟ್ ಎಂಗೆಲ್‌ಬರ್ಟ್ ಚರ್ಚಿನಲ್ಲಿ. ಅದು 1930ರ ದಶಕದ ಹೊಸ ಮಾದರಿಯ ಕಟ್ಟಡ. ನಿಂಬೆಹಣ್ಣು ಹಿಂಡುವ ಸಾಧನದ ಹಾಗೆ ಕಾಣುತ್ತದೆ ಅಂತ ಊರಿನವರು ಅದಕ್ಕೆ ಅದೇ ಅಡ್ಡಹೆಸರು ಇಟ್ಟಿದ್ದರು.

ಪ್ರವಚನದ ವಿಷಯ ಬೈಬಲ್ಲಿನ ಹತ್ತು ಆಜ್ಞೆಗಳು. ಏಳನೆಯ ಆಜ್ಞೆ ಬಂತು. ಕದಿಯಬೇಡ.

ಕೇಳುತ್ತಿದ್ದವರಲ್ಲಿ ಎಷ್ಟೋ ಜನರ ಮನೆಯ ಒಲೆಯಲ್ಲಿ ಆ ಹೊತ್ತಿಗೆ ಉರಿಯುತ್ತಿದ್ದದ್ದು ಗೂಡ್ಸ್ ರೈಲಿನಿಂದ ಕದ್ದ ಕಲ್ಲಿದ್ದಲು. ಅದು ಅವರಿಗೂ ಗೊತ್ತು, ಪಾದ್ರಿಗಳಿಗೂ ಗೊತ್ತು. ಫ್ರಿಂಗ್ಸ್ ಆಗ ಒಂದು ಮಾತು ಹೇಳಿದರು. ಅದರ ಸಾರ ಇಷ್ಟು: ದುಡಿದರೂ ಸಿಗುವುದಿಲ್ಲ, ಬೇಡಿದರೂ ಸಿಗುವುದಿಲ್ಲ ಎನ್ನುವಂಥ ಕಷ್ಟದಲ್ಲಿ ಒಬ್ಬ ಮನುಷ್ಯ ತನ್ನ ಜೀವ ಮತ್ತು ಆರೋಗ್ಯ ಉಳಿಸಿಕೊಳ್ಳಲು ಬೇಕಾದದ್ದನ್ನು ತಾನೇ ತೆಗೆದುಕೊಳ್ಳಬಹುದು. ಅಂಥ ಕಾಲದಲ್ಲಿ ನಾವು ಬದುಕುತ್ತಿದ್ದೇವೆ.

ಕೆಲವೇ ದಿನಗಳಲ್ಲಿ ರೈನ್ ನದಿಯ ಸೀಮೆಯಲ್ಲಿ ಒಂದು ಹೊಸ ಕ್ರಿಯಾಪದ ಹುಟ್ಟಿತು. ಫ್ರಿಂಗ್ಸೆನ್. ಅಂದ್ರೆ, ಬದುಕೋಕೆ ಬೇಕಾದಷ್ಟನ್ನು ಕದ್ದು ತರುವುದು. 'ಕದ್ದೆ' ಅನ್ನುವ ಜಾಗದಲ್ಲಿ ಜನ 'ಫ್ರಿಂಗ್ಸ್ ಮಾಡಿದೆ' ಅನ್ನತೊಡಗಿದರು.

ಯುದ್ಧದ ಕೊನೆಯ ದಿನಗಳಲ್ಲಿ ಮತ್ತು ಅದು ಮುಗಿದ ಮೇಲೆ ಜರ್ಮನಿಯ ಸಾಮಾನ್ಯ ಜನ ಪಟ್ಟ ಕಷ್ಟಕ್ಕೆ ಹಲವು ಮುಖಗಳಿವೆ. ಬರ್ಲಿನ್‌ನಲ್ಲಿ ಸೋವಿಯತ್ ಸೈನಿಕರಿಂದ ಹೆಂಗಸರ ಮೇಲಾದ ಅತ್ಯಾಚಾರಗಳು, ಫ್ರೆಂಚ್ ಸೇನೆ ನುಗ್ಗಿದಾಗ ಫ್ರಾಯ್ಡೆನ್‌ಸ್ಟಾಟ್ ಎಂಬ ಪುಟ್ಟ ಊರು ಅನುಭವಿಸಿದ್ದು, ಪೂರ್ವದ ಪ್ರಾಂತಗಳಿಂದ ಓಡಿಸಲ್ಪಟ್ಟವರ ಪಾಡು. ಒಂದೊಂದೂ ಬೇರೆಯದೇ ಬರಹ ಕೇಳುತ್ತದೆ. ನಾನು ಕಲೋನ್ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಇಲ್ಲಿ ಆಳುತ್ತಿದ್ದ ಸೇನೆ ಕ್ರೂರವಾಗಿರಬೇಕು ಅಂತ ಹೊರಟಿರಲಿಲ್ಲ. ಆಫೀಸುಗಳಿದ್ದವು, ನಿಯಮಗಳಿದ್ದವು, ಕಾರ್ಡುಗಳಿದ್ದವು. ಆದರೂ ಜನ ಹಸಿದರು, ನಡುಗಿದರು, ಕೊನೆಗೆ ಕದ್ದರು. ಅದು ಹೇಗಾಯಿತು ಅನ್ನುವುದನ್ನು ಬಿಡಿಸಿ ನೋಡಬೇಕು ಅನ್ನಿಸಿತು.

ಊರು ಉಳಿದದ್ದು ಎಷ್ಟು

ಯುದ್ಧಕ್ಕೆ ಮುಂಚೆ ಕಲೋನ್‌ನಲ್ಲಿ ಏಳೂವರೆ ಲಕ್ಷಕ್ಕೂ ಜಾಸ್ತಿ ಜನ ಇದ್ದರು. 1942ರ ಮೇ 30ರ ರಾತ್ರಿ ಬ್ರಿಟಿಷರು ಸಾವಿರ ವಿಮಾನಗಳ ಮೊದಲ ದಾಳಿ ಮಾಡಿದ್ದು ಇದೇ ಊರಿನ ಮೇಲೆ. ಅಲ್ಲಿಂದ ಮೂರು ವರ್ಷ ಬಾಂಬು ಬೀಳುತ್ತಲೇ ಇತ್ತು. 1945ರ ಮಾರ್ಚ್ 6ರಂದು ಅಮೆರಿಕದ ಸೇನೆ ಒಳಗೆ ಬಂದಾಗ ಹಳೆಯ ಊರು ಹೆಚ್ಚುಕಮ್ಮಿ ಪೂರ್ತಿ ಕಲ್ಲುಮಣ್ಣಿನ ಗುಡ್ಡೆಯಾಗಿತ್ತು. ಉಳಿದಿದ್ದ ಜನ ಹತ್ತಾರು ಸಾವಿರ ಅಷ್ಟೇ. ಅದೇ ದಿನ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ರೈನ್ ನದಿಯ ಮೇಲಿನ ದೊಡ್ಡ ರೈಲ್ವೆ ಸೇತುವೆಯನ್ನು ತಾನೇ ಸ್ಫೋಟಿಸಿ ನೀರಿಗೆ ಬೀಳಿಸಿತು.

ಓಡಿಹೋಗಿದ್ದವರು ಬೇಸಿಗೆಯಲ್ಲೇ ಮರಳತೊಡಗಿದರು. ಗೋಡೆಯಿಲ್ಲದಿದ್ದರೂ ಅದು ಅವರ ಊರು. ನೆಲಮಾಳಿಗೆಗಳಲ್ಲಿ, ಬಂಕರುಗಳಲ್ಲಿ, ಅರ್ಧ ಕುಸಿದ ಕೋಣೆಗಳಲ್ಲಿ ಸಂಸಾರ ಹೂಡಿದರು. ಕಿಟಕಿಗೆ ಗಾಜಿಲ್ಲ, ರಟ್ಟು ಹೊಡೆದಿರುತ್ತಿದ್ದರು. ಆ ರಟ್ಟಿನಲ್ಲೊಂದು ತೂತು, ಆ ತೂತಿನಿಂದ ಆಚೆಗೆ ಒಲೆಯ ತಗಡಿನ ಕೊಳವೆ. ಈ ಚಿಕ್ಕ ಕಬ್ಬಿಣದ ಒಲೆಗೆ 'ಬ್ರೆನ್‌ಹೆಕ್ಸೆ' ಅಂತ ಹೆಸರಿತ್ತು, ಉರಿಯುವ ಮಾಟಗಾತಿ ಅಂತ ಅರ್ಥ. ಅಡುಗೆಗೂ ಅದೇ, ಬೆಚ್ಚಗಿರೋಕೂ ಅದೇ. ಅದಕ್ಕೆ ಹಾಕಲು ಏನಾದರೂ ಬೇಕಲ್ಲ?

1945ರ ಜೂನ್‌ನಲ್ಲಿ ಅಮೆರಿಕನ್ನರು ಹೋಗಿ ಬ್ರಿಟಿಷರು ಬಂದರು. ಗೆದ್ದ ದೇಶಗಳು ಜರ್ಮನಿಯನ್ನು ವಲಯಗಳಾಗಿ ಹಂಚಿಕೊಂಡಿದ್ದವು, ಕಲೋನ್ ಬ್ರಿಟಿಷ್ ವಲಯಕ್ಕೆ ಸೇರಿತು. ಅಮೆರಿಕನ್ನರು ಮೇಯರ್ ಆಗಿ ಕೂರಿಸಿದ್ದು ಕೊನ್ರಾಡ್ ಅಡೆನಾವರ್ ಅವರನ್ನು. ನಾಜಿಗಳು 1933ರಲ್ಲಿ ಇದೇ ಹುದ್ದೆಯಿಂದ ಅವರನ್ನು ಕಿತ್ತು ಹಾಕಿದ್ದರು. ಆ ಶರತ್ಕಾಲದಲ್ಲಿ ಬ್ರಿಟಿಷ್ ಅಧಿಕಾರಿಗಳು ಅಡೆನಾವರ್‌ಗೆ ಒಂದು ಮಾತು ಹೇಳಿದರು: ಚಳಿಗಾಲ ಬರುತ್ತಿದೆ, ಊರ ಸುತ್ತ ಇರುವ ಹಸಿರು ಪಟ್ಟಿಯ ಮರ ಕಡಿಸಿ ಸೌದೆ ಮಾಡಿಸಿ. ಆ ಹಸಿರು ಪಟ್ಟಿ ಅಡೆನಾವರ್ ತಮ್ಮ ಮೊದಲ ಅವಧಿಯಲ್ಲಿ ಬೆಳೆಸಿದ್ದು. ಅವರು ಒಪ್ಪಲಿಲ್ಲ. ಮರ ಕಡಿದರೆ ಒಂದು ಚಳಿಗಾಲಕ್ಕೂ ಸಾಲದು, ಜನರಿಗೆ ಕಲ್ಲಿದ್ದಲು ಕೊಡಿ ಅಂದರು. ಕಲ್ಲುಮಣ್ಣು ತೆಗೆಸುವುದರಲ್ಲಿ, ಊರನ್ನು ಚಳಿಗಾಲಕ್ಕೆ ಸಜ್ಜು ಮಾಡುವುದರಲ್ಲಿ ಚುರುಕಿಲ್ಲ ಅಂತ ಬ್ರಿಗೇಡಿಯರ್ ಜಾನ್ ಬ್ಯಾರಕ್ಲಫ್ ಅಕ್ಟೋಬರ್ 6ರಂದು ಅವರನ್ನು ವಜಾ ಮಾಡಿದರು. ಊರು ಬಿಟ್ಟು ಹೋಗಬೇಕು, ರಾಜಕೀಯ ಮಾಡಬಾರದು ಅನ್ನುವ ಆದೇಶವೂ ಬಂತು. ನಾಲ್ಕು ವರ್ಷದ ನಂತರ ಅದೇ ಅಡೆನಾವರ್ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದರು. ಆದರೆ ನನ್ನ ಗಮನ ಇರುವುದು ಆ ಮರಗಳ ಮಾತಿನ ಮೇಲೆ. ಆಳುವವರು ಮತ್ತು ಊರಿನವರ ನಡುವೆ ಮೊದಲ ದೊಡ್ಡ ಜಗಳ ಬಂದ ವಿಷಯಗಳಲ್ಲೇ ಒಂದು ಉರುವಲು.

ಕಾರ್ಡಿನ ಮೇಲೆ ಇದ್ದದ್ದು, ತಟ್ಟೆಗೆ ಬಂದದ್ದು

ರೇಷನ್ ಕಾರ್ಡು 28 ದಿನಕ್ಕೊಮ್ಮೆ ಬರುತ್ತಿತ್ತು. ಗಣಿಯಲ್ಲಿ ದುಡಿಯುವವರಿಗೆ, ಭಾರದ ಕೆಲಸ ಮಾಡುವವರಿಗೆ ಜಾಸ್ತಿ. ಉಳಿದವರೆಲ್ಲ 'ಸಾಮಾನ್ಯ ಬಳಕೆದಾರರು'. ಮನೆಯಲ್ಲಿರುವ ಹೆಂಗಸರು, ಮುದುಕರು, ಗುಮಾಸ್ತರು ಎಲ್ಲ ಈ ಸಾಲಿನಲ್ಲೇ. ಮೊದಲು ಇವರಿಗೆ ದಿನಕ್ಕೆ 1550 ಕ್ಯಾಲರಿ ಅಂತ ಗೊತ್ತುಮಾಡಿದ್ದರು. ಅದೇ ಕಮ್ಮಿ. 1946ರ ಮಾರ್ಚ್‌ನಲ್ಲಿ ಬ್ರಿಟಿಷ್ ವಲಯದಲ್ಲಿ ಅದನ್ನೂ ಇಳಿಸಿ ಸುಮಾರು ಸಾವಿರಕ್ಕೆ ತಂದರು.

ಸಾವಿರ ಕ್ಯಾಲರಿ ಅಂದ್ರೆ ತಟ್ಟೆಯಲ್ಲಿ ಎಷ್ಟು? ಎರಡು ತುಂಡು ಬ್ರೆಡ್, ಅದಕ್ಕೆ ಸವರಲು ಒಂದಿಷ್ಟು ಮಾರ್ಗರೀನ್, ಒಂದು ಸೌಟು ಹಾಲಿನ ಗಂಜಿ, ಎರಡು ಸಣ್ಣ ಆಲೂಗಡ್ಡೆ. ಇದು ಒಂದು ಹೊತ್ತಿನ ಊಟ ಅಲ್ಲ, ಇಡೀ ದಿನದ್ದು.

ಆಮೇಲೆ ಕಾಗದದ ಮೇಲೆ ಅಂಕಿ ಮತ್ತೆ ಏರಿತು. ಆದರೆ ಕಾರ್ಡಿನಲ್ಲಿ ಬರೆದದ್ದೆಲ್ಲ ಅಂಗಡಿಯಲ್ಲಿ ಇರಬೇಕಲ್ಲ. ನಮ್ಮೂರಲ್ಲಿ ಸೊಸೈಟಿ ಮುಂದೆ ಸಾಲು ನಿಂತು 'ಸ್ಟಾಕ್ ಇಲ್ಲ' ಅನ್ನಿಸಿಕೊಂಡು ವಾಪಸ್ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಳಿಗಾಲದಲ್ಲಿ ಕಲೋನ್‌ನ ಉತ್ತರಕ್ಕಿರುವ ರೂರ್ ಎಂಬ ಗಣಿಗಳ ಸೀಮೆಯ ಊರುಗಳಲ್ಲಿ ಎಷ್ಟೋ ವಾರ ಸಾವಿರ ಕ್ಯಾಲರಿಯೂ ಕೈಗೆ ಬರುತ್ತಿರಲಿಲ್ಲ. ಕಾಲು ಬಾತುಕೊಳ್ಳುವುದು ಸಾಮಾನ್ಯವಾಯಿತು. ಹೊಟ್ಟೆಗಿಲ್ಲದ ಮೈಯಲ್ಲಿ ನೀರು ತುಂಬಿ ಬರುವ ಬಾವು ಅದು. ಕ್ಷಯ ಹೆಚ್ಚಿತು.

ಉಪಾಯಗಳೂ ಹುಟ್ಟಿದವು. ವಾರದ ಕೊನೆಗೆ ಹೆಂಗಸರು ರೈಲು ಹತ್ತಿ ಹಳ್ಳಿಗಳಿಗೆ ಹೋಗುತ್ತಿದ್ದರು. ಕಲೋನ್ ಮತ್ತು ಬಾನ್ ನಡುವಿನ ತರಕಾರಿ ಸೀಮೆಗೆ, ಐಫೆಲ್ ಗುಡ್ಡಗಳ ಕಡೆಗೆ. ಕೈಯಲ್ಲಿ ಬೆಳ್ಳಿ ಚಮಚ, ಮದುವೆಯ ಹಾಸು, ಬಾಂಬಿನಿಂದ ಉಳಿದ ಗಡಿಯಾರ. ವಾಪಸ್ ಬರುವಾಗ ಒಂದು ಚೀಲ ಆಲೂಗಡ್ಡೆ. ಈ ಓಡಾಟಕ್ಕೆ 'ಹಾಮ್‌ಸ್ಟರ್ನ್' ಅಂತಿದ್ದರು, ಹ್ಯಾಮ್‌ಸ್ಟರ್ ಇಲಿಯ ಹಾಗೆ ಕೆನ್ನೆಯಲ್ಲಿ ತುಂಬಿಕೊಂಡು ಬರುವುದು. ರೈತರ ದನದ ಕೊಟ್ಟಿಗೆಗೂ ಪರ್ಷಿಯಾದ ಜಮಖಾನ ಬಂದಿದೆ ಅಂತ ಪೇಟೆಯವರು ಹೊಟ್ಟೆ ಉರಿದು ಮಾತಾಡಿಕೊಳ್ಳುತ್ತಿದ್ದರು. ಸ್ಟೇಷನ್ನಿನಲ್ಲಿ ಪೊಲೀಸರು ಕಾದಿದ್ದು ಚೀಲ ಕಿತ್ತುಕೊಂಡರೆ ಮುಗಿಯಿತು. ಬೆಳ್ಳಿಯೂ ಹೋಯಿತು, ಆಲೂಗಡ್ಡೆಯೂ ಹೋಯಿತು.

ಕಾಳಸಂತೆಗೆ ರೈನ್ ಸೀಮೆಯ ಮಾತು 'ಮಗ್ಗೆಲ್ನ್'. ಅಲ್ಲಿ ನಡೆಯುತ್ತಿದ್ದ ನಾಣ್ಯ ಅಮೆರಿಕನ್ ಸಿಗರೇಟು. ಒಂದೊಂದಕ್ಕೆ 5 ಮಾರ್ಕ್‌ಗೂ ಜಾಸ್ತಿ. ತಿಂಗಳಿಗೆ 150–200 ಮಾರ್ಕ್ ಸಂಬಳ ತರುವ ಮನುಷ್ಯನ ಒಂದು ತಿಂಗಳ ದುಡಿಮೆ ಎರಡು ಪ್ಯಾಕೆಟ್ ಸಿಗರೇಟಿಗೆ ಸಾಲದೇ ಹೋಗುತ್ತಿತ್ತು. ದುಡಿದರೂ ಸಿಗುವುದಿಲ್ಲ ಅಂತ ಫ್ರಿಂಗ್ಸ್ ಹೇಳಿದ್ದು ಸುಮ್ನೆ ಅಲ್ಲ.

ರೈಲು ನಿಧಾನವಾಗುವ ಜಾಗ

ಡಿಸೆಂಬರ್ ಮಧ್ಯದಲ್ಲಿ ಚಳಿ ಹಿಡಿಯಿತು. ಒಂದು ಅಲೆ ಹೋಗುವುದರೊಳಗೆ ಇನ್ನೊಂದು ಬಂತು, ಮಾರ್ಚ್‌ವರೆಗೂ ಬಿಡಲಿಲ್ಲ. 20ನೇ ಶತಮಾನದಲ್ಲಿ ಆ ಭಾಗ ಕಂಡ ಅತಿ ಕಠಿಣ ಚಳಿಗಾಲಗಳಲ್ಲಿ ಇದೂ ಒಂದು. ರೈನ್ ನದಿಯೇ ಮಂಜುಗಟ್ಟಿ ನಿಂತಿತು. ರೂರ್‌ನ ಕಲ್ಲಿದ್ದಲು ಸಾಗುತ್ತಿದ್ದದ್ದು ದೋಣಿಗಳಲ್ಲಿ, ಕಾಲುವೆಗಳಲ್ಲಿ. ನೀರು ಹೆಪ್ಪುಗಟ್ಟಿದ ಮೇಲೆ ಎಲ್ಲ ಭಾರ ರೈಲಿನ ಮೇಲೆ ಬಿತ್ತು. ರೈಲಿಗೋ ಎಂಜಿನ್ ಇಲ್ಲ, ಇದ್ದ ಎಂಜಿನ್‌ಗಳು ಚಳಿಗೆ ಕೆಡುತ್ತಿದ್ದವು.

ಕಲೋನ್‌ಗೆ ಒಂದು ವಿಚಿತ್ರ ಕಷ್ಟ. ಊರಿನ ಪಶ್ಚಿಮಕ್ಕೆ ಕೂಗಳತೆಯಲ್ಲೇ ಕಂದು ಕಲ್ಲಿದ್ದಲಿನ ಗಣಿಗಳು. ಫ್ರೆಖೆನ್, ಹ್ಯೂರ್ಟ್, ಬ್ರ್ಯೂಲ್ ಕಡೆ ಅದನ್ನು ಒತ್ತಿ, ಇಟ್ಟಿಗೆಯ ಹಾಗೆ ಮಾಡುತ್ತಾರೆ. ಕಲೋನ್ ಆಡುಮಾತಿನಲ್ಲಿ ಅದಕ್ಕೆ 'ಕ್ಲ್ಯುಟ್ಟೆನ್'. ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ನಾಲ್ಕೈದು ಇದ್ದರೆ ಒಂದು ಸಂಜೆ ಒಲೆ ಬೆಚ್ಚಗಿರುತ್ತದೆ. ಉತ್ತರಕ್ಕೆ ಸ್ವಲ್ಪ ದೂರದಲ್ಲೇ ರೂರ್, ಯುರೋಪಿನ ದೊಡ್ಡ ಕಲ್ಲಿದ್ದಲು ಸೀಮೆ. ಅಂದ್ರೆ ಉರುವಲು ಮನೆಯ ಮುಂದೆಯೇ ಹಾದುಹೋಗುತ್ತಿದೆ, ರಾತ್ರಿ ಹಗಲು, ಬೋಗಿ ಬೋಗಿ. ಮನೆಯೊಳಗೆ ಮಾತ್ರ ಬಕೆಟ್ಟಿನಲ್ಲಿಟ್ಟ ನೀರು ಬೆಳಗ್ಗೆ ಗಟ್ಟಿಯಾಗಿರುತ್ತದೆ.

ರೈಲು ಸಿಗ್ನಲ್ಲಿಗೆ ನಿಧಾನವಾಗುವ ಜಾಗಗಳು ಎಲ್ಲರಿಗೂ ಗೊತ್ತಿದ್ದವು. ತಿರುವಿನಲ್ಲಿ, ಸ್ಟೇಷನ್ನಿನ ಆಚೆ, ಶಂಟಿಂಗ್ ಯಾರ್ಡ್ ಪಕ್ಕ. ಮೇಲೆ ಹತ್ತುತ್ತಿದ್ದದ್ದು ಹೆಚ್ಚಾಗಿ ಹುಡುಗರು. ಮೈ ಹಗುರ, ಕಾಲು ಚುರುಕು, ಹಿಡಿದರೂ ಶಿಕ್ಷೆ ಕಮ್ಮಿ. ಚಲಿಸುವ ಬೋಗಿಯ ಕಬ್ಬಿಣ ಹಿಡಿದು ಹತ್ತಿ, ಎರಡೂ ಕೈಯಲ್ಲಿ ಕಲ್ಲಿದ್ದಲು ಬಾಚಿ ಕೆಳಗೆ ಎಸೆಯುವುದು. ಕೆಳಗೆ ಅಮ್ಮ, ಅಕ್ಕ, ಅಜ್ಜಿ ಚೀಲ ಹಿಡಿದು ಹಳಿಯ ಪಕ್ಕ ಓಡುತ್ತಾ ಆರಿಸಿಕೊಳ್ಳುವುದು. ಮಗುವನ್ನು ಕೂರಿಸುವ ತಳ್ಳುಗಾಡಿಯೇ ಕಲ್ಲಿದ್ದಲ ಗಾಡಿ. ರೈಲು ವೇಗ ಹಿಡಿಯುವ ಮುಂಚೆ ಜಿಗಿಯಬೇಕು. ಮಂಜು ಹಿಡಿದ ಕಬ್ಬಿಣದ ಮೇಲೆ ಕಾಲು ಜಾರಿದರೆ ಚಕ್ರದ ಕೆಳಗೆ. ಕಾವಲಿನವರು ಗುಂಡು ಹಾರಿಸುವುದೂ ಇತ್ತು. ಸಿಕ್ಕಿಬಿದ್ದ ದೊಡ್ಡವರಿಗೆ ಕೋರ್ಟು, ಜೈಲು.

ಇನ್ನೊಂದು ವಿವರ ನನ್ನನ್ನು ಕಾಡುತ್ತದೆ. 1942ರಲ್ಲಿ ನಾಜಿ ಸರ್ಕಾರ ಇಂಧನ ಉಳಿಸಿ ಅಂತ ಪ್ರಚಾರ ಮಾಡಲು ಒಂದು ಕಾರ್ಟೂನ್ ಪಾತ್ರ ಸೃಷ್ಟಿಸಿತ್ತು. ಬೆನ್ನಮೇಲೆ ಮೂಟೆ, ಜೋತುಬಿದ್ದ ಮೀಸೆ, ಕಳ್ಳನ ಮುಖ. ಹೆಸರು 'ಕೋಲೆನ್‌ಕ್ಲಾವ್', ಕಲ್ಲಿದ್ದಲು ಕಳ್ಳ. ಗೋಡೆಗೋಡೆಯ ಮೇಲೆ ಅದರ ಪೋಸ್ಟರ್. ಪುಟ್ಟ ಮಕ್ಕಳು ಅದನ್ನು ನೋಡಿಕೊಂಡೇ ಬೆಳೆದಿದ್ದರು. ನಾಲ್ಕು ವರ್ಷದ ನಂತರ ಅದೇ ಮಕ್ಕಳು ಬೆನ್ನಮೇಲೆ ಮೂಟೆ ಹೊತ್ತರು, ಅದೇ ಹೆಸರು ಅವರಿಗೆ ಅಂಟಿಕೊಂಡಿತು.

ಕಲ್ಲಿದ್ದಲು ಯಾರಿಗೆ ಹೋಗುತ್ತಿತ್ತು

ಇಷ್ಟೆಲ್ಲ ಕಲ್ಲಿದ್ದಲು ಪಕ್ಕದಲ್ಲೇ ಇದ್ದೂ ಮನೆಗೆ ಯಾಕೆ ಬರಲಿಲ್ಲ? ಈ ಪ್ರಕರಣದ ಗಂಟು ಇರುವುದು ಇಲ್ಲೇ.

ರೂರ್ ಗಣಿಗಳು ಬ್ರಿಟಿಷರ ಹತೋಟಿಯಲ್ಲಿದ್ದವು. ಅದನ್ನು ನಡೆಸುವ ಕಚೇರಿ ಎಸ್ಸೆನ್‌ನ ವಿಲ್ಲಾ ಹ್ಯೂಗೆಲ್‌ನಲ್ಲಿತ್ತು, ಉಕ್ಕು ಮತ್ತು ಆಯುಧ ತಯಾರಿಸುತ್ತಿದ್ದ ಕ್ರುಪ್ ಮನೆತನದ ಅರಮನೆ ಅದು. ಅಗೆದ ಕಲ್ಲಿದ್ದಲಿನಲ್ಲಿ ಒಂದು ಪಾಲು ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್ ಮುಂತಾದ ಕಡೆಗೆ ಹೋಗುತ್ತಿತ್ತು, ಅದೂ ಕಡಿಮೆ ಬೆಲೆಗೆ. ಜರ್ಮನ್ನರಿಗೆ ಇದು ಹೊಟ್ಟೆಗೆ ಬೆಂಕಿ ಇಟ್ಟ ಹಾಗೆ. ಆದರೆ ಆ ದೇಶಗಳೂ ಚಳಿಯಲ್ಲಿ ನಡುಗುತ್ತಿದ್ದವು. ಅವರ ರೈಲು, ಸೇತುವೆ, ಬಂದರುಗಳನ್ನು ಹಾಳು ಮಾಡಿದ ಯುದ್ಧ ಹೊರಟಿದ್ದು ಬರ್ಲಿನ್‌ನಿಂದ.

ಉಳಿದದ್ದರಲ್ಲಿ ಮೊದಲ ಪಾಲು ರೈಲಿಗೆ, ವಿದ್ಯುತ್ತಿಗೆ, ಕಾರ್ಖಾನೆಗೆ. ಮನೆಯ ಒಲೆ ಕೊನೆಯ ಸಾಲು.

ಇದರ ಜೊತೆಗೆ ಒಂದು ಸುಳಿ ಇತ್ತು. ಗಣಿಯವನಿಗೆ ತಿನ್ನಲು ಸಾಲದು. ಅವನ ಕಾರ್ಡಿನಲ್ಲಿ ಜಾಸ್ತಿ ಬಂದರೂ ಅವನು ಅದನ್ನು ಮನೆಯ ಮಕ್ಕಳ ಜೊತೆ ಹಂಚಿಕೊಂಡು ತಿನ್ನುತ್ತಾನೆ. ಮೈಯಲ್ಲಿ ಶಕ್ತಿಯಿಲ್ಲ, ಹಾಗಾಗಿ ಕಲ್ಲಿದ್ದಲು ಕಡಿಮೆ ಬರುತ್ತದೆ. ಕಲ್ಲಿದ್ದಲು ಕಡಿಮೆ ಆದ್ದರಿಂದ ರೈಲು ಓಡುವುದಿಲ್ಲ, ಗೊಬ್ಬರದ ಕಾರ್ಖಾನೆ ನಡೆಯುವುದಿಲ್ಲ. ಗೊಬ್ಬರವಿಲ್ಲದೆ ಹೊಲ ಸೊರಗುತ್ತದೆ, ಬಂದರಿಗೆ ಬಂದ ಧಾನ್ಯ ಒಳನಾಡಿಗೆ ಮುಟ್ಟುವುದಿಲ್ಲ. ಮತ್ತೆ ಗಣಿಯವನಿಗೆ ತಿನ್ನಲು ಸಾಲದು.

ಬ್ರಿಟಿಷ್ ವಲಯದಲ್ಲಿ ಬಾಯಿಗಳು ಜಾಸ್ತಿ, ಹೊಲ ಕಮ್ಮಿ. ಪೇಟೆ, ಗಣಿ, ಕಾರ್ಖಾನೆಗಳ ಸೀಮೆ ಅದು, ಹಿಂದಿನಿಂದಲೂ ಹೊರಗಿನ ಧಾನ್ಯದ ಮೇಲೆ ನಿಂತದ್ದು. ಪೂರ್ವದ ಫಲವತ್ತಾದ ಪ್ರಾಂತಗಳು ಗೆದ್ದ ದೇಶಗಳು 1945ರಲ್ಲಿ ಮಾಡಿಕೊಂಡ ಪಾಟ್ಸ್‌ಡ್ಯಾಮ್ ಒಪ್ಪಂದದಲ್ಲಿ ಪೋಲೆಂಡ್ ಮತ್ತು ಸೋವಿಯತ್ ಆಡಳಿತಕ್ಕೆ ಹೋದವು. ಅಲ್ಲಿಂದ, ಮಧ್ಯ ಯುರೋಪಿನ ಬೇರೆ ಕಡೆಗಳಿಂದ ಓಡಿಸಲ್ಪಟ್ಟವರು ಸುಮಾರು 1.2 ಕೋಟಿ ಜನ. ಅದರಲ್ಲಿ ಲಕ್ಷ ಲಕ್ಷ ಜನ ಈ ವಲಯಕ್ಕೇ ಬಂದರು.

ಆಳುವ ಬ್ರಿಟನ್ ಕೈಯೂ ಬರಿದು. ಯುದ್ಧದ ಆರು ವರ್ಷ ಬ್ರೆಡ್ಡಿಗೆ ರೇಷನ್ ಹಾಕದಿದ್ದ ದೇಶ 1946ರ ಜುಲೈನಲ್ಲಿ ತನ್ನ ಜನರಿಗೇ ಬ್ರೆಡ್ ರೇಷನ್ ಹಾಕಿತು. ತನ್ನ ವಲಯದ ಜರ್ಮನ್ನರ ಹೊಟ್ಟೆ ತುಂಬಿಸಬೇಕಾಗಿದ್ದದ್ದೂ ಅದಕ್ಕೆ ಒಂದು ಕಾರಣ. ವರ್ಷಕ್ಕೆ ಸುಮಾರು 8 ಕೋಟಿ ಪೌಂಡ್ ಈ ವಲಯಕ್ಕೆ ಖರ್ಚಾಗುತ್ತಿತ್ತು. ಅದೇ ಚಳಿಗಾಲದಲ್ಲಿ ಲಂಡನ್‌ನಲ್ಲೂ ಕಲ್ಲಿದ್ದಲು ಸಿಗದೆ ಕರೆಂಟು ಹೋಗುತ್ತಿತ್ತು.

ಹಾಗಂತ ಆಳುವವರ ಪಾಲನ್ನು ಮುಚ್ಚಿಡುವ ಹಾಗಿಲ್ಲ. 1946ರ ಬೇಸಿಗೆಯಿಂದ ಬ್ರಿಟಿಷ್ ಅಧಿಕಾರಿಗಳ ಹೆಂಡತಿ ಮಕ್ಕಳು ಜರ್ಮನಿಗೆ ಬರತೊಡಗಿದರು. ಅವರಿಗೆ ಮನೆ ಬೇಕು. ಉಳಿದಿದ್ದ ಒಳ್ಳೆ ಮನೆಗಳಿಂದ ಜರ್ಮನ್ ಸಂಸಾರಗಳನ್ನು ಎಬ್ಬಿಸಿದರು. ಕಲೋನ್‌ನ ಮಾರಿಯೆನ್‌ಬುರ್ಗ್ ಬಡಾವಣೆಯ ಬಂಗಲೆಗಳು ಹೀಗೆ ಸೇನೆಯ ವಶವಾದವು. ಆ ಮನೆಗಳಲ್ಲಿ ಹೀಟರ್ ಉರಿಯುತ್ತಿತ್ತು, ಅವರ ಅಂಗಡಿ ಬೇರೆ, ರೈಲಿನಲ್ಲಿ ಬೋಗಿ ಬೇರೆ. ಬೇರೆಯವರ ಆಳ್ವಿಕೆಯಲ್ಲಿ ಬದುಕಿದ ನಮ್ಮ ಅಜ್ಜಂದಿರಿಗೆ ಈ ಚಿತ್ರ ಚೆನ್ನಾಗಿ ಗೊತ್ತಿತ್ತು.

ಇದನ್ನು ಬ್ರಿಟನ್ನಿನಲ್ಲೇ ಕೆಲವರು ಗಟ್ಟಿಯಾಗಿ ಕೇಳಿದರು. ವಿಕ್ಟರ್ ಗೊಲಾಂಜ್ ಅಂತ ಲಂಡನ್ನಿನ ಪ್ರಕಾಶಕರು. ಯಹೂದಿ. ನಾಜಿಗಳು ಏನು ಮಾಡುತ್ತಿದ್ದಾರೆ ಅಂತ ಯುದ್ಧದ ನಡುವೆಯೇ ಬ್ರಿಟನ್ನಿಗೆ ಕೂಗಿ ಹೇಳಿದವರು. ಅದೇ ಮನುಷ್ಯ 1946ರ ಅಕ್ಟೋಬರ್–ನವೆಂಬರ್‌ನಲ್ಲಿ ಬ್ರಿಟಿಷ್ ವಲಯ ಸುತ್ತಿದರು. ಹ್ಯಾಂಬರ್ಗ್, ಡ್ಯುಸೆಲ್‌ಡಾರ್ಫ್, ಕಲೋನ್ ಹತ್ತಿರದ ಯ್ಯೂಲಿಖ್. ನೆಲಮಾಳಿಗೆಗಳಿಗೆ ಇಳಿದರು, ಶಾಲೆಗಳಿಗೆ ಹೋದರು. ಮಕ್ಕಳ ಕಾಲಿನ ಫೋಟೋ ತೆಗೆಸಿದರು: ಬಾಯಿ ಬಿಟ್ಟ ಬೂಟು, ಬೆರಳು ಹೊರಗೆ. ನಿಮ್ಮವರನ್ನು ಕೊಂದ ದೇಶದ ಬಗ್ಗೆ ಯಾಕಿಷ್ಟು ಚಿಂತೆ ಅಂತ ಕೇಳಿದವರಿದ್ದರು. ಅವರು ಬಿಡಲಿಲ್ಲ. ಬ್ರಿಟಿಷ್ ಮನೆಗಳಿಂದ ಜರ್ಮನಿಗೆ ಆಹಾರದ ಪೊಟ್ಟಣ ಕಳಿಸಲು ಸರ್ಕಾರ ಬಿಡಬೇಕು ಅಂತ ಹೋರಾಡಿ, ಅದನ್ನು ಮಾಡಿಸಿಕೊಂಡರು.

ಇದೆಲ್ಲ ಓದುವಾಗ ನನಗೆ ಬಂಗಾಳ ನೆನಪಾಗುತ್ತದೆ. 1943ರ ಬರಗಾಲದಲ್ಲಿ ಅಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದಾಗ ಧಾನ್ಯಕ್ಕೆ ಹಡಗು ಕೊಡಿ ಅಂದರೆ ಲಂಡನ್ ಹಿಂದೆಮುಂದೆ ನೋಡಿತ್ತು. ಮೂರು ವರ್ಷದ ನಂತರ ಸೋತ ಶತ್ರುವಿಗೆ ತನ್ನ ಬ್ರೆಡ್ಡಿನಲ್ಲೇ ಪಾಲು ಕೊಟ್ಟಿತು. ಸರ್ಕಾರ ಬದಲಾಗಿತ್ತು, ಯುದ್ಧ ಮುಗಿದಿತ್ತು, ಹಸಿದ ಜರ್ಮನಿ ಕಮ್ಯುನಿಸ್ಟರ ಕಡೆ ವಾಲೀತು ಅನ್ನುವ ಭಯವೂ ಇತ್ತು. ಕಾರಣಗಳು ಗೊತ್ತಿದ್ದರೂ ಮನಸ್ಸು ಚುಚ್ಚುತ್ತದೆ. ಆದರೆ ಈ ನೋವನ್ನು ಹಿಡಿದು ಕಲೋನ್‌ನ ಹುಡುಗನ ಹಸಿವನ್ನು ಕಮ್ಮಿ ಮಾಡಿ ತೂಗುವುದು ನನ್ನಿಂದಾಗದು.

ಹಳಿಯ ಪಕ್ಕದ ಇನ್ನೊಂದು ನೆನಪು

ಕಲೋನ್‌ನ ಎರೆನ್‌ಫೆಲ್ಡ್ ಬಡಾವಣೆಯಲ್ಲಿ ರೈಲ್ವೆ ಕಮಾನುಗಳಿವೆ. 1944ರ ಅಕ್ಟೋಬರ್ 25ರಂದು ಆ ಸ್ಟೇಷನ್ನಿನ ಪಕ್ಕ, ಜನ ನೋಡುತ್ತಿರುವಾಗಲೇ, 11 ಮಂದಿ ವಿದೇಶಿ ಗುಲಾಮ ಕಾರ್ಮಿಕರನ್ನು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ನೇಣಿಗೆ ಹಾಕಿತು. ನವೆಂಬರ್ 10ರಂದು 13 ಜನ ಜರ್ಮನ್ನರನ್ನು. ಅವರಲ್ಲಿ 16 ವರ್ಷದ ಹುಡುಗರೂ ಇದ್ದರು. ಅದೇ ನದಿಯ ಆಚೆ ದಡದ ಡಾಯ್ಟ್ಸ್ ಸ್ಟೇಷನ್ನಿನಿಂದ ಊರಿನ ಯಹೂದಿಗಳನ್ನು ರೈಲಿಗೆ ತುಂಬಿ ಪೂರ್ವಕ್ಕೆ ಕಳಿಸಿದ್ದರು. ಸಾವಿರಾರು ಜನ ವಾಪಸ್ ಬರಲೇ ಇಲ್ಲ.

ಇದನ್ನು ಹೇಳದೆ ಕಲೋನ್‌ನ ಹಸಿವಿನ ಕಥೆ ಹೇಳಿದರೆ ಅದು ಅರ್ಧ ಸುಳ್ಳು. 1944ರವರೆಗೆ ಜರ್ಮನ್ನರ ತಟ್ಟೆ ಮಟ್ಟಸವಾಗಿ ತುಂಬಿದ್ದದ್ದು ಉಕ್ರೇನಿನ, ಪೋಲೆಂಡಿನ, ಫ್ರಾನ್ಸಿನ ಧಾನ್ಯ ಕಿತ್ತುಕೊಂಡು ಬಂದಿದ್ದರಿಂದ. ಸೋವಿಯತ್ ನಗರ ಲೆನಿನ್‌ಗ್ರಾಡ್‌ಗೆ ಮುತ್ತಿಗೆ ಹಾಕಿದ ಜರ್ಮನ್ ಸೇನೆ ಹಸಿವನ್ನೇ ಆಯುಧ ಮಾಡಿಕೊಂಡಿತ್ತು. ಕಲೋನ್‌ನಿಂದ ಕೆಲವೇ ಗಂಟೆಯ ದಾರಿಯ ಹಾಲೆಂಡಿನಲ್ಲಿ 1944–45ರ ಚಳಿಗಾಲದಲ್ಲಿ ಸುಮಾರು 20,000 ಜನ ಹಸಿವಿನಿಂದ ಸತ್ತರು, ಜರ್ಮನ್ ಆಡಳಿತ ಆಹಾರ ಸಾಗಾಟ ತಡೆದದ್ದರಿಂದ.

ಈ ವಿಷಯ ಬರೆಯುವವರಲ್ಲಿ ಎರಡು ಬಗೆಯವರು ಸಿಗುತ್ತಾರೆ. ಮಾಡಿದ್ದುಣ್ಣೋ ಮಹರಾಯ ಅಂತ ಕೈ ತೊಳೆಯುವವರು ಒಂದು ಕಡೆ. ಮಿತ್ರರಾಷ್ಟ್ರಗಳು ಬೇಕೆಂದೇ ಜರ್ಮನ್ನರನ್ನು ಹಸಿವಿನಿಂದ ಕೊಂದವು ಅಂತ ಹೇಳಿ ನಾಜಿಗಳ ಪಾಪವನ್ನು ಸರಿದೂಗಿಸಲು ನೋಡುವವರು ಇನ್ನೊಂದು ಕಡೆ. ಎರಡನೆಯವರ ವಾದ ದಾಖಲೆಗಳ ಮುಂದೆ ನಿಲ್ಲುವುದಿಲ್ಲ. ಧಾನ್ಯದ ಹಡಗುಗಳು ಬಂದಿವೆ, ಬ್ರಿಟನ್ ತನ್ನ ಬ್ರೆಡ್ ಕತ್ತರಿಸಿದೆ. ಮೊದಲನೆಯವರ ಮಾತು 1946ರಲ್ಲಿ ಬೋಗಿ ಹತ್ತಿದ ಹತ್ತು ವರ್ಷದ ಹುಡುಗನ ಮುಂದೆ ನಿಲ್ಲುವುದಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅವನು ಹುಟ್ಟಿಯೇ ಇರಲಿಲ್ಲ.

ಜನ ಮರೆತ ಅರ್ಧ ಮಾತು

ಈಗ ಮತ್ತೆ ಚರ್ಚಿಗೆ ಬರೋಣ.

ಫ್ರಿಂಗ್ಸ್ ಹೇಳಿದ್ದು ಹೊಸ ತತ್ವವೇನಲ್ಲ. ಜೀವಕ್ಕೇ ಕುತ್ತು ಬಂದಾಗ ಬೇರೆಯವರಲ್ಲಿ ಹೆಚ್ಚಿರುವುದನ್ನು ತೆಗೆದುಕೊಂಡರೆ ಅದು ಕಳ್ಳತನ ಅಲ್ಲ ಅಂತ 13ನೇ ಶತಮಾನದಲ್ಲೇ ಕ್ರೈಸ್ತ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ವಾದಿಸಿದ್ದರು. ಕ್ಯಾಥೊಲಿಕ್ ಪಾದ್ರಿಗಳು ಓದುವ ಪಾಠದಲ್ಲಿ ಅದು ಇದ್ದೇ ಇತ್ತು. ಹೊಸದು ಏನೆಂದರೆ, ಸೇನೆ ಆಳುತ್ತಿರುವ ಊರಿನಲ್ಲಿ, ಆ ಸೇನೆಯ ಕಲ್ಲಿದ್ದಲು ರೈಲು ಪಕ್ಕದಲ್ಲೇ ಓಡುತ್ತಿರುವಾಗ, ಒಬ್ಬ ಕಾರ್ಡಿನಲ್ ಅದನ್ನು ವೇದಿಕೆಯ ಮೇಲಿಂದ ಹೇಳಿದ್ದು. ಪೋಪ್‌ಗೆ ಮಾತ್ರ ಕೆಳಗಿನ ಆ ಪದವಿ ಫ್ರಿಂಗ್ಸ್‌ಗೆ ಸಿಕ್ಕು ಆಗಿನ್ನೂ ವರ್ಷ ತುಂಬಿರಲಿಲ್ಲ.

ಆದರೆ ಮಾತು ಅಲ್ಲಿಗೇ ನಿಂತಿರಲಿಲ್ಲ. ಅವರು ಮುಂದುವರಿಸಿದ್ದರು: ಎಷ್ಟೋ ಕಡೆ ಇದನ್ನು ಮೀರಿ ಬಹಳ ದೂರ ಹೋಗಿದ್ದಾರೆ ಅಂತ ನನಗನ್ನಿಸುತ್ತದೆ. ಅದಕ್ಕೆ ಒಂದೇ ದಾರಿ. ಅನ್ಯಾಯವಾಗಿ ತೆಗೆದದ್ದನ್ನು ತಡಮಾಡದೆ ಹಿಂದಿರುಗಿಸಿ. ಇಲ್ಲದಿದ್ದರೆ ದೇವರಲ್ಲಿ ಕ್ಷಮೆ ಇಲ್ಲ.

ಈ ಎರಡನೆಯ ಭಾಗದಿಂದ ಯಾವ ಕ್ರಿಯಾಪದವೂ ಹುಟ್ಟಲಿಲ್ಲ.

ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ. ಅವರು ಎರಡು ಗೆರೆ ಎಳೆದಿದ್ದರು. ಒಲೆಗೆ ನಾಲ್ಕು ಕ್ಲ್ಯುಟ್ಟೆನ್ ಒಯ್ಯುವ ತಾಯಿ ಒಂದು ಕಡೆ. ಬೋಗಿಗಟ್ಟಲೆ ಹೊಡೆದು ಕಾಳಸಂತೆಯಲ್ಲಿ ಮಾರುವವನು ಇನ್ನೊಂದು ಕಡೆ. ಕಾನೂನಿನ ಮುಂದೆ ಇಬ್ಬರೂ ಕಳ್ಳರು. ಸೇನೆಯ ಆಡಳಿತಕ್ಕೆ ಈ ಎರಡನ್ನು ಬೇರೆ ಮಾಡುವ ಕಣ್ಣು ಇರಲಿಲ್ಲ, ಇರುವುದು ಕಷ್ಟವೂ ಹೌದು. ಊರಿನ ಪಾದ್ರಿಗೆ ಇತ್ತು. ಜನ ಮಾತ್ರ ತಮಗೆ ಬೇಕಾದ ಅರ್ಧ ಹಿಡಿದುಕೊಂಡರು. ಅವರನ್ನು ಪೂರ್ತಿ ದೂರಲೂ ಆಗುವುದಿಲ್ಲ. ಎಷ್ಟೋ ತಿಂಗಳಿಂದ ಕಳ್ಳರು ಅನ್ನಿಸಿಕೊಂಡವರಿಗೆ, ನೀವು ಕಳ್ಳರಲ್ಲ ಅಂತ ಯಾರೋ ದೊಡ್ಡವರು ಹೇಳಿದಾಗ, ಆಮೇಲೆ ಬಂದ ಮಾತು ಕಿವಿಗೆ ಬೀಳುವುದು ಕಷ್ಟ ಅಲ್ವಾ?

ಬ್ರಿಟಿಷರು ಗರಂ ಆದರು. ಇದು ಕಳ್ಳತನಕ್ಕೆ ಕುಮ್ಮಕ್ಕು ಅಂದರು, ವಿವರಣೆ ಕೇಳಿದರು. ಜನವರಿಯಲ್ಲಿ ಫ್ರಿಂಗ್ಸ್ ತಮ್ಮ ಮಾತಿನ ಮಿತಿ ಏನು ಅಂತ ಸ್ಪಷ್ಟಪಡಿಸಿದರು. ಹೇಳಿದ್ದನ್ನು ವಾಪಸ್ ಪಡೆಯಲಿಲ್ಲ. ಅಷ್ಟರಲ್ಲಿ ಹೊಸ ಪದ ಊರೂರು ಸುತ್ತಾಗಿತ್ತು.

ಆಮೇಲೆ

1947ರ ಜನವರಿ 1ರಂದು ಬ್ರಿಟಿಷ್ ಮತ್ತು ಅಮೆರಿಕನ್ ವಲಯಗಳನ್ನು ಹಣಕಾಸಿನ ಮಟ್ಟಿಗೆ ಒಂದು ಮಾಡಿದರು. ಫೆಬ್ರುವರಿಯಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಹರ್ಬರ್ಟ್ ಹೂವರ್ ಬಂದು ಪರಿಸ್ಥಿತಿ ನೋಡಿದರು. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಅವರು ಜಗತ್ತಿನ ಆಹಾರದ ಕೊರತೆ ಅಂದಾಜು ಮಾಡಲು ದೇಶದೇಶ ಸುತ್ತುತ್ತಾ ಬೆಂಗಳೂರಿಗೂ ಬಂದಿದ್ದರು. ಆಗ ಇಂಡಿಯಾದಲ್ಲೂ ರೇಷನ್ ಧಾನ್ಯವನ್ನು ದಿನಕ್ಕೆ 12 ಔನ್ಸಿಗೆ ಇಳಿಸಿದ್ದರು.

ಪರಿಹಾರ ಬರುವ ಮುಂಚೆ ಜನರ ತಾಳ್ಮೆ ಮುಗಿಯಿತು. ಮಾರ್ಚ್ ಕೊನೆಯಲ್ಲಿ ರೂರ್ ಮತ್ತು ರೈನ್ ಸೀಮೆಯ ಊರುಗಳಲ್ಲಿ ಸಾವಿರಾರು ಜನ ಬೀದಿಗಿಳಿದರು. ಕಲ್ಲಿದ್ದಲು ಬೇಕು, ಬ್ರೆಡ್ ಬೇಕು ಅಂತ ಹಲಗೆ ಹಿಡಿದರು. ಏಪ್ರಿಲ್ 3ರಂದು 3 ಲಕ್ಷಕ್ಕೂ ಹೆಚ್ಚು ಗಣಿ ಕಾರ್ಮಿಕರು ಒಂದು ದಿನ ಕೆಲಸ ನಿಲ್ಲಿಸಿದರು. ಆ ಬೇಸಿಗೆಯಲ್ಲಿ ಮಳೆ ಕೈಕೊಟ್ಟಿತು. ಇನ್ನೊಂದು ವರ್ಷ ಕಷ್ಟ ಹಾಗೇ ಎಳೆಯಿತು.

1948ರ ಜೂನ್ 20ರಂದು ಹೊಸ ನೋಟು ಬಂತು. ತಲೆಗೆ 40 ಡಾಯ್ಚ್ ಮಾರ್ಕ್. ಮಾರನೇ ದಿನ ಅಂಗಡಿಗಳ ಗಾಜಿನ ಹಿಂದೆ ಸಾಮಾನು ತುಂಬಿತ್ತು. ಪಾತ್ರೆ, ಬೂಟು, ಬೆಣ್ಣೆ. ನಿನ್ನೆಯವರೆಗೆ 'ಇಲ್ಲ' ಅಂದಿದ್ದವರೇ ಗೋದಾಮಿನಲ್ಲಿ ಕೂಡಿಟ್ಟಿದ್ದರು. ಎಷ್ಟೋ ಜನಕ್ಕೆ ಖುಷಿಗಿಂತ ಸಿಟ್ಟು ಬಂದದ್ದು ಆ ಬೆಳಗ್ಗೆ.

ಅದಕ್ಕೆ ಒಂದು ವರ್ಷ ಮುಂಚೆ, 1947ರ ವಸಂತದಲ್ಲಿ, ಹೂವರ್ ಅವರ ವರದಿಯ ಮೇಲೆ ಶಾಲೆಗಳಲ್ಲಿ ಊಟ ಶುರುವಾಗಿತ್ತು. ದಿನಕ್ಕೆ 350 ಕ್ಯಾಲರಿ. ಗಂಜಿ, ಸೂಪು, ಕೆಲವು ದಿನ ಕೋಕೋ. ಮಕ್ಕಳು ಮನೆಯಿಂದ ಡಬ್ಬಿ, ಚಮಚ ತರಬೇಕಿತ್ತು. ಅಮೆರಿಕದಿಂದ ಮೆಕ್ಕೆಜೋಳವೂ ಬಂತು. ಹಳದಿ ಬಣ್ಣದ ಬ್ರೆಡ್, ಮುಟ್ಟಿದರೆ ಪುಡಿಯಾಗುತ್ತದೆ. ಅದರ ರುಚಿಗೆ ಜನ ಗೊಣಗಿದರೂ ಒಂದು ಚೂರೂ ಬಿಡದೆ ತಿಂದರು. ಇವುಗಳ ಜೊತೆಗೆ ಕೇರ್ ಪೊಟ್ಟಣಗಳು. ಯುದ್ಧದಲ್ಲಿ ನಲುಗಿದ ಯುರೋಪಿಗೆ ಆಹಾರ ಕಳಿಸಲೆಂದೇ 1945ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ ಕೇರ್.

ಈ ಹೆಸರು ಎಲ್ಲೋ ಕೇಳಿದ್ದೇವೆ ಅನ್ನಿಸಿತೇ? ಅದೇ ಸಂಸ್ಥೆ ಮುಂದೆ ನಮ್ಮ ಕಡೆಗೂ ಬಂತು. 60–70ರ ದಶಕದಲ್ಲಿ ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಓದಿದವರನ್ನು ಕೇಳಿ ನೋಡಿ. ಹಳದಿ ರವೆಯ ಕೇರ್ ಉಪ್ಪಿಟ್ಟು, ಹಾಲಿನ ಪುಡಿ. ಮನೆಯಿಂದ ತಂದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತದ್ದು, ಅದು ಬೇಯುವಾಗ ಬರುತ್ತಿದ್ದ ವಾಸನೆ, ಅವರಿಗೆ ಈಗಲೂ ನೆನಪಿದೆ.